ಡಿವೋರ್ಸ್ ಆದ್ಮೇಲೆ ಅಪ್ಪ ಅಂದ್ರೆ ಬರೀ ದುಡ್ಡು ಕಳ್ಸೋನಾ?

ಪ್ರಶ್ನೆ:
ಡಿವೋರ್ಸ್ ಆಗಿ ಎರಡು ವರ್ಷ ಆಯ್ತು, ಮಗಳಿಗೆ ಆರು, ಅವಳಮ್ಮನ ಜೊತೆ ಇದ್ದಾಳೆ, ನಾನು ತಿಂಗಳಿಗೆ ಎರಡು ಸಲ ಎರಡೆರಡು ಗಂಟೆ ನೋಡ್ಬೋದು ಅಷ್ಟೇ. ಮೊನ್ನೆ ಬರ್ತ್‌ಡೇಗೆ ಶೂ ತಗೊಂಡು ಹೋದೆ, ಕಾಲಿಗೆ ಹಿಡೀಲೇ ಇಲ್ಲ. "ಅಪ್ಪಾ, ಇದು ನನ್ನ ಹಳೇ ಸೈಜು" ಅಂದ್ಲು. ಮಗು ಕಾಲು ಎಷ್ಟು ಬೆಳ್ದಿದೆ ಅಂತಾನೂ ಗೊತ್ತಿಲ್ದೋನು ಎಂಥ ಅಪ್ಪ ಅಂತ ರಾತ್ರಿಯೆಲ್ಲಾ ನಿದ್ದೆ ಇಲ್ಲ. ಖರ್ಚಿನ ದುಡ್ಡು ಒಂದು ತಿಂಗಳೂ ತಪ್ಸಿಲ್ಲ. ಮುರಿದಿದ್ದು ನಮ್ಮಿಬ್ರ ಮದುವೆ, ಅದಕ್ಕೆ ಅವಳಿಗೆ ಅಪ್ಪನೂ ಯಾಕೆ ತಪ್ಬೇಕು? ತಿಳಿದೋರು ಹೇಳಿ.

ಉತ್ತರ 1:
ಇದ್ರ ಬೇರು ತುಂಬಾ ಹಳೇದು ಸಾರ್. ಕಾನೂನು ಅಪ್ಪನ್ನ ಗುರ್ತಿಸಿದ್ದೇ ಮದುವೆ ಮೂಲಕ, ಹೆಂಡ್ತಿಗೆ ಹುಟ್ಟಿದ ಮಗುವಿಗೆ ಗಂಡನೇ ಅಪ್ಪ ಅನ್ನೋದು ರೋಮನ್ನರ ಕಾಲದಿಂದ ಬಂದ ನಿಯಮ. ಇಂಗ್ಲೆಂಡಲ್ಲಂತೂ ಗಂಡ ಹೆಂಡ್ತಿ ಬೇರೆ ಆದ್ರೆ ಮಕ್ಕಳು ಅಪ್ಪನ ಪಾಲಿಗೇ, ತಾಯಿಗೆ ಹೋಗಿ ನೋಡೋ ಹಕ್ಕೂ ಇರ್ಲಿಲ್ಲ, ಕ್ಯಾರೊಲಿನ್ ನಾರ್ಟನ್ ಅನ್ನೋ ತಾಯಿ ಹೋರಾಡಿದ್ಮೇಲೆ 1839ರಲ್ಲಿ ಏಳು ವರ್ಷದೊಳಗಿನ ಮಕ್ಕಳನ್ನ ನಂಗೆ ಕೊಡಿ ಅಂತ ತಾಯಿ ಕೋರ್ಟಲ್ಲಿ ಕೇಳೋ ಹಾಗಾಯ್ತು. ಆಮೇಲೆ ತಕ್ಕಡಿ ನಿಧಾನಕ್ಕೆ ಆ ಕಡೆ ವಾಲಿ, ಮಗು ಅಮ್ಮಂಗೆ ಖರ್ಚು ಅಪ್ಪಂಗೆ ಅನ್ನೋ ಹಾಗಾಗೋಯ್ತು. ನೀವು ಹಿಡ್ಕೋಬೇಕಾದ್ದು 1989ರ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆ, 9ನೇ ವಿಧಿ. ಬೇರೆ ಇರೋ ಅಪ್ಪ ಅಮ್ಮ ಇಬ್ರನ್ನೂ ತಪ್ಪದೇ ನೋಡ್ತಾ ಇರೋದು ಮಗುವಿನ ಹಕ್ಕು, ಮಗುವಿಗೆ ಅದ್ರಿಂದ ಕೆಡುಕಾಗೋ ಹಾಗಿದ್ರೆ ಮಾತ್ರ ಬೇರೆ. ಮಗುವಿನ ಹಕ್ಕು ಅನ್ನೋದನ್ನ ಮುಂದಿಟ್ಟು ಲಾಯರ್ ಹತ್ರ ಮಾತಾಡಿ.

ಉತ್ತರ 2:
ನಾನು ತಾಯಿ ಕಡೆಯಿಂದ ಹೇಳ್ತೀನಿ ಅಣ್ಣಾ. ನನ್ನ ಗಂಡ ಹೊಡೀತಿದ್ದ, ಹೊರಗೆ ಬೈಕ್ ಸದ್ದು ಕೇಳಿದ್ರೆ ಮಗ ಮಂಚದ ಕೆಳಗೆ ಸೇರ್ಕೊತಿದ್ದ. ಅಂಥೋನಿಗೂ ಸಮಪಾಲು ಅಂದ್ರೆ ನಾನು ಒಪ್ಪಲ್ಲ. ಜಪಾನಲ್ಲಿ ಡಿವೋರ್ಸ್ ಆದ್ರೆ ಮಗು ಹೊಣೆ ಒಬ್ರಿಗೇ ಅಂತ ಇತ್ತು, 2024ರಲ್ಲಿ ಇಬ್ರಿಗೂ ಇರ್ಬೋದು ಅಂತ ಕಾನೂನು ಬದಲಾಯಿಸಿದಾಗ ಇದೇ ಭಯಕ್ಕೆ ಎಷ್ಟೋ ತಾಯಂದಿರು ವಿರೋಧ ಮಾಡಿದ್ರು, ಹಿಂಸೆ ಇರೋ ಕಡೆ ಕೋರ್ಟ್ ಒಬ್ರಿಗೇ ಕೊಡ್ಬೇಕು ಅಂತ ಅದ್ರಲ್ಲೇ ಬರೆದಿದ್ದಾರೆ. ನಿಮ್ಮದು ಹಾಗಲ್ಲ ಅಂದ್ರೆ ಅವಳಮ್ಮನ್ನ ನೇರ ಕೇಳಿ ನೋಡಿ, ಕೋರ್ಟ್ ಹೇಳಿದ್ದಕ್ಕಿಂತ ಜಾಸ್ತಿ ಟೈಮ್ ಕೊಡೋಕೆ ಅಡ್ಡಿ ಏನಿಲ್ಲ.

ಉತ್ತರ 3:
ಡಿವೋರ್ಸ್ ಆದ್ಮೇಲೆ ಎಚ್ಚೆತ್ಕೊಂಡ್ರೆ ಲೇಟು ಅನ್ಸತ್ತೆ ನಂಗೆ, ಮಗು ಹುಟ್ಟಿದಾಗ್ಲೇ ಅಪ್ಪ ಜೊತೆಗಿರ್ಬೇಕು. ಸ್ವೀಡನ್ 1974ರಲ್ಲೇ ತಾಯಿಯ ಹೆರಿಗೆ ರಜೆ ಬದಲು ಮಗು ನೋಡ್ಕೊಳ್ಳೋಕೆ ಅಪ್ಪ ಅಮ್ಮ ಇಬ್ರಿಗೂ ಸೇರಿದ ರಜೆ ಮಾಡ್ತು, ಆದ್ರೂ ಅಪ್ಪಂದಿರು ತಗೊಂಡಿದ್ದು ಕಮ್ಮಿ. ನಾರ್ವೆ 1993ರಲ್ಲಿ ನಾಲ್ಕು ವಾರ ಅಪ್ಪಂಗೇ ಅಂತ ಎತ್ತಿಟ್ಟು, ತಗೊಳ್ದಿದ್ರೆ ಹೋಯ್ತು ಅಂದಾಗ್ಲೇ ಹೆಚ್ಚಿನವರು ಮನೇಲಿ ಕೂತಿದ್ದು. ಹಸಿ ಕೂಸನ್ನ ಸ್ನಾನ ಮಾಡ್ಸಿ ಮಲಗ್ಸಿದ ಅಪ್ಪನ್ನ ಆಮೇಲೆ ಯಾರೂ ವಿಸಿಟರ್ ಥರ ನೋಡಲ್ಲ.

ಪ್ರಶ್ನೆ ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಅಕ್ಕಾ, ನಿಮ್ಮ ಮಾತು ಮನಸಿಗೆ ನಾಟ್ತು, ಮಂಚದ ಕೆಳಗಿನ ಆ ಮಗು ಕಣ್ಣಿಂದ ಹೋಗ್ತಿಲ್ಲ. ಅವಳಮ್ಮಂಗೆ ಮೆಸೇಜ್ ಹಾಕಿದೀನಿ, ಬುಧವಾರ ಸ್ಕೂಲಿಂದ ನಾನು ಕರ್ಕೊಂಡ್ ಬರ್ಲಾ ಅಂತ. ಇನ್ನೂ ರಿಪ್ಲೈ ಬಂದಿಲ್ಲ.