‘ರೆಸ್ಪೆಕ್ಟ್’ ಓಟಿಸ್ ರೆಡಿಂಗ್ ಅವರಿಂದ ಅರೀಥಾ ಫ್ರಾಂಕ್ಲಿನ್ ಅವರ ಕೈಗೆ ಬಂದಾಗ ಬದಲಾದದ್ದೇನು?

ಪ್ರಶ್ನೆ
ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಹಳೆಯ ಸೋಲ್ ಸಂಗೀತವನ್ನು ಕ್ರಮವಾಗಿ ಕೇಳಲು ತೊಡಗಿ ಕೆಲವು ತಿಂಗಳಾದವು. ‘ರೆಸ್ಪೆಕ್ಟ್’ ಹಾಡನ್ನು ಓಟಿಸ್ ರೆಡಿಂಗ್ ತಾವೇ ಬರೆದು 1965ರಲ್ಲಿ ಹಾಡಿದ್ದರೂ, 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಹಾಡಿದ ಮೇಲೆ ಅದು ಅವರದೇ ಹಾಡೆಂಬಂತೆ ಜನಮನದಲ್ಲಿ ನಿಂತುಬಿಟ್ಟಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿದೆ. ವ್ಯತ್ಯಾಸ ದೊಡ್ಡದೆಂದು ಅನ್ನಿಸುತ್ತದೆ, ಆದರೆ ಅದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗುತ್ತಿಲ್ಲ. ಸೋಲ್ ಗಾಯಕರ ಬೇರು ಚರ್ಚಿನಲ್ಲಿದೆ ಎಂದು ಎಲ್ಲೆಡೆ ಓದುತ್ತೇನೆ. ಅದು ಈ ಹಾಡಿನಲ್ಲಿ ಕಿವಿಗೆ ಸಿಗುತ್ತದೆಯೇ? ಬಲ್ಲವರು ತಿಳಿಸಿಕೊಡಬೇಕು.

ಉತ್ತರ 1
ಮೊದಲು ಹಾಡಿನ ಮಾತನ್ನು ಗಮನಿಸಿ. ಓಟಿಸ್ ಅವರ ಹಾಡಿನಲ್ಲಿ ದುಡಿದು ಮನೆಗೆ ಬರುವ ಗಂಡಸು ತನಗೆ ತುಸು ಮರ್ಯಾದೆ ಸಿಗಲಿ ಎಂದು ಕೇಳಿಕೊಳ್ಳುತ್ತಾನೆ. ಅರೀಥಾ ಹಾಡಿದಾಗ ಕೇಳುವವಳು ಹೆಣ್ಣು. ಆಕೆಯ ದನಿಯಲ್ಲಿ ಬೇಡಿಕೆಯಿಲ್ಲ, ಹಕ್ಕಿದೆ. ಆದರೆ ಬದಲಾವಣೆ ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಭಾಗ ಮೂಲದಲ್ಲಿ ಇರಲೇ ಇಲ್ಲ. ಕಿಂಗ್ ಕರ್ಟಿಸ್ ಅವರ ಸ್ಯಾಕ್ಸೊಫೋನ್ ಬರುವ ನಡುವಿನ ಭಾಗವೂ ಹೊಸದು. ಅದರ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಸ್ಯಾಮ್ ಮತ್ತು ಡೇವ್ ಜೋಡಿಯ ಇನ್ನೊಂದು ಹಾಡಿನಿಂದ ತಂದು ಜೋಡಿಸಲಾಯಿತು. 1967ರ ಫೆಬ್ರುವರಿ 14ರಂದು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣವಾದ ಈ ಹಾಡು ಜೂನ್ ವೇಳೆಗೆ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಉತ್ತರ 2
ಚರ್ಚಿನ ವಿಚಾರ ಕೇಳಿದ್ದೀರಿ, ಈ ಹಾಡಿನ ಜೀವ ಇರುವುದೇ ಅಲ್ಲಿ. ಅರೀಥಾ ಅವರ ತಂದೆ ಸಿ. ಎಲ್. ಫ್ರಾಂಕ್ಲಿನ್ ಡೆಟ್ರಾಯಿಟ್‌ನ ಹೆಸರಾಂತ ಬ್ಯಾಪ್ಟಿಸ್ಟ್ ಬೋಧಕರು. ಮಗಳು ಎಳೆಯ ವಯಸ್ಸಿನಲ್ಲಿಯೇ ಆ ಸಭೆಯಲ್ಲಿ ಹಾಡಿ ಬೆಳೆದವರು. ಒಬ್ಬರು ಸೊಲ್ಲೆತ್ತಿದರೆ ಉಳಿದವರು ಓಗೊಡುವ ಪದ್ಧತಿ ಅಲ್ಲಿನ ಆರಾಧನೆಯ ಉಸಿರು. ಒಮ್ಮೆ ಅರೀಥಾ ಅವರ ದನಿಯನ್ನು ಬಿಟ್ಟು, ಹಿಂದೆ ಹಾಡುವವರನ್ನು ಮಾತ್ರ ಹಿಂಬಾಲಿಸಿ ಕೇಳಿ. ಅವರಲ್ಲಿ ಕ್ಯಾರೊಲಿನ್ ಮತ್ತು ಅರ್ಮಾ ಇಬ್ಬರೂ ಅರೀಥಾ ಅವರ ಸ್ವಂತ ಸೋದರಿಯರು. ಅಕ್ಕತಂಗಿಯರು ಒಂದೇ ಮಾತನ್ನು ಚುಟುಕಾಗಿ, ಮತ್ತೆ ಮತ್ತೆ ಎತ್ತಿ ಕೊಡುವಾಗ ಹಾಡು ಒಬ್ಬಳ ಅಳಲಾಗಿ ಉಳಿಯದೆ ಇಡೀ ಸಭೆಯ ಮಾತಾಗುತ್ತದೆ.

ಈ ದಾರಿಯನ್ನು ಮೊದಲು ತೆರೆದವರು ಬೇರೆಯವರು. ಗಾಯಕ ರೇ ಚಾರ್ಲ್ಸ್ 1954ರಲ್ಲಿ ಗಾಸ್ಪೆಲ್ ಹಾಡೊಂದರ, ಅಂದರೆ ಚರ್ಚಿನ ಭಕ್ತಿಗೀತೆಯೊಂದರ, ಧಾಟಿಗೆ ಲೌಕಿಕ ಪ್ರೇಮದ ಮಾತನ್ನು ಕೂಡಿಸಿದರು. ಗಾಸ್ಪೆಲ್ ತಂಡದ ತಾರೆಯಾಗಿದ್ದ ಸ್ಯಾಮ್ ಕುಕ್ 1957ರಲ್ಲಿ ಪಾಪ್ ಕಡೆಗೆ ಹೊರಳಿದರು. ಅರೀಥಾ ಅವರಾದರೋ ಕೊಲಂಬಿಯಾ ಎಂಬ ಧ್ವನಿಮುದ್ರಣ ಕಂಪನಿಯಲ್ಲಿ ಸುಮಾರು ಆರು ವರ್ಷ ಹಾಡಿದರೂ ಈ ಕಾವು ಅಲ್ಲಿ ಪೂರ್ತಿ ಹೊರಬರಲಿಲ್ಲ. ಅಟ್ಲಾಂಟಿಕ್ ಕಂಪನಿಗೆ ಬಂದು, ಪಿಯಾನೋದ ಮುಂದೆ ತಾವೇ ಕುಳಿತು ಹಾಡತೊಡಗಿದ ಮೇಲೆ ನಮಗೆ ಇಂದು ಗೊತ್ತಿರುವ ಅರೀಥಾ ದೊರೆತರು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ ಕೇಳಿದವರಿಂದ
ನೀವು ಹೇಳಿದಂತೆ ಹಿಂದಿನ ದನಿಗಳನ್ನಷ್ಟೇ ಹಿಡಿದು ಕೇಳಿದೆ. ಅಕ್ಷರ ಬಿಡಿಸುವ ಕಡೆ ವಾದ್ಯಗಳು ಸರಕ್ಕನೆ ನಿಂತು, ಆಕೆಯ ದನಿಯೊಂದೇ ಮುಂದೆ ಬರುವುದು ಈಗ ಕಿವಿಗೆ ಬಿತ್ತು. ಹಾಗಾದರೆ ಓಟಿಸ್ ಅವರ ಮೂಲವನ್ನು ಕೇವಲ ಕರಡೆಂದು ಭಾವಿಸಬಹುದೇ?

ಉತ್ತರ 3
ದಯವಿಟ್ಟು ಹಾಗೆ ಭಾವಿಸಬೇಡಿ. ಓಟಿಸ್ ಹಾಡುತ್ತಿದ್ದ, ಮೆಂಫಿಸ್ ನಗರದ ಸ್ಟ್ಯಾಕ್ಸ್ ಸ್ಟುಡಿಯೋ ಹಳೆಯ ಚಿತ್ರಮಂದಿರವೊಂದರಲ್ಲಿತ್ತು. ಜನಾಂಗಭೇದ ಊರನ್ನು ಸೀಳಿದ್ದ ಕಾಲದಲ್ಲಿ ಕರಿಯ, ಬಿಳಿಯ ವಾದ್ಯಗಾರರು ಅಲ್ಲಿ ಒಟ್ಟಿಗೆ ಕುಳಿತು ನುಡಿಸುತ್ತಿದ್ದರು. ಓಟಿಸ್ ಅವರ ‘ರೆಸ್ಪೆಕ್ಟ್’ ಆ ಕೋಣೆಯ ಕೂಸು. ಡ್ರಮ್ ನೆಲವನ್ನು ತುಳಿದಂತೆ ಸಾಗುತ್ತದೆ, ತುತ್ತೂರಿಗಳು ಮಾತಿಗೆ ಮಾತು ಕೊಡುತ್ತವೆ, ಓಟಿಸ್ ಪದಗಳನ್ನು ತುಂಡರಿಸಿ ಮರುಕಳಿಸುತ್ತಾ ಅವುಗಳ ನಡುವೆ ನುಗ್ಗುತ್ತಾರೆ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತ ಉತ್ಸವದ ವೇದಿಕೆಯ ಮೇಲೆ, ಒಬ್ಬ ಹುಡುಗಿ ತಮ್ಮಿಂದ ಈ ಹಾಡನ್ನು ಕೊಂಡೊಯ್ದಳೆಂದು ಪ್ರೀತಿಯಿಂದಲೇ ಹೇಳಿ ಅವರು ಅದನ್ನು ಹಾಡಿದರು. ಅದೇ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಬರೀ 26 ವರ್ಷ.

ಅವರ ‘ಟ್ರೈ ಎ ಲಿಟಲ್ ಟೆಂಡರ್ನೆಸ್’ ಕೇಳಿ. ಪಿಸುಮಾತಿನಂತೆ ಆರಂಭವಾಗುವ ಹಾಡಿನಲ್ಲಿ ಡ್ರಮ್ ನುಡಿಸುವ ಅಲ್ ಜಾಕ್ಸನ್ ಅವರ ಕೋಲು ಟಕ್ ಟಕ್ ಎಂದು ಗಡಿಯಾರದಂತೆ ಎಣಿಸತೊಡಗುವ ಗಳಿಗೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಅಲ್ಲಿಂದಾಚೆಗೆ ಓಟಿಸ್ ಎಲ್ಲಿಯೂ ನಿಲ್ಲುವುದಿಲ್ಲ.