ಈ ವರ್ಷ ಏನು ಓದಿದೆ ಅಂತ ತಿರುಗಿ ನೋಡೋದು ಹೇಗೆ?

ಕೇಳಿದವರು, ತುಮಕೂರು:

ಡಿಸೆಂಬರ್ ಬಂತು. ಈ ವರ್ಷ ಏನೇನು ಓದಿದೆ ಅಂತ ಬರೆಯಲು ಕೂತೆ. ಹೆಸರುಗಳ ಪಟ್ಟಿ ಆಯಿತು, ಅಷ್ಟೇ. ಅದನ್ನು ನೋಡಿದರೆ ನನಗೇ ಏನೂ ಅನ್ನಿಸುತ್ತಿಲ್ಲ. ಅರ್ಧಕ್ಕೆ ಬಿಟ್ಟವು ಬೇರೆ ಇವೆ, ಅವನ್ನು ಎಲ್ಲಿ ಸೇರಿಸಲಿ? ಮೊಬೈಲಲ್ಲಿ ಓದಿದ್ದೂ ಲೆಕ್ಕಕ್ಕೆ ಬರುತ್ತಾ? ನೀವೆಲ್ಲ ಹೇಗೆ ಮಾಡುತ್ತೀರಿ, ಸ್ವಲ್ಪ ಹೇಳಿ.

ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರ್ತಿ:

ನಾವು ಹುಳು ಮೇಯಿಸುವವರು. ಹಾಗಾಗಿ ನನ್ನ ಓದಿಗೆ ಜನವರಿ, ಫೆಬ್ರುವರಿ ಅಂತೇನೂ ಇಲ್ಲ. ಬೆಳೆಗಳಿವೆ. ಒಂದು ಬೆಳೆಯಲ್ಲಿ ಹುಳು ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ, ಅಂದರೆ ಪೊರೆ ಬಿಡುತ್ತದೆ. ಆಗ ಹೆಚ್ಚು ಕಡಿಮೆ ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಆ ಹೊತ್ತು ನನ್ನದು. ನಾಲ್ಕನೇ ಜ್ವರ ಎದ್ದಮೇಲೆ ಮಾತ್ರ ಮುಗೀತು ಬಿಡಿ. ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತವೆ. ಹುಳು ಹಣ್ಣಾಗಿ, ಗೂಡು ಕಟ್ಟಲಿ ಅಂತ ಚಂದ್ರಿಕೆ ಅನ್ನುವ ತಟ್ಟಿಗೆ ಬಿಟ್ಟು, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುವವರೆಗೆ ಪುಸ್ತಕ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ.

ಬೆಳೆಯ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂಬದಿಯಲ್ಲೇ ನನ್ನ ಓದಿನ ಲೆಕ್ಕವೂ ಇದೆ. ಪುಸ್ತಕದ ಹೆಸರು, ಯಾವ ಬೆಳೆ, ಎಷ್ಟನೇ ಜ್ವರ. ಇಷ್ಟೇ ಬರೆಯುವುದು. ಹೋದ ವಾರ ಅದನ್ನು ತೆಗೆದು ನೋಡಿದೆ. ಸಣ್ಣ ಕಥೆಗಳು, ಆತ್ಮಕಥೆಗಳು ಎಲ್ಲಾ ಪೂರ್ತಿ ಆಗಿವೆ. ದಪ್ಪ ಕಾದಂಬರಿಗಳು ಮೂರನೇ ಜ್ವರದಲ್ಲಿ ಶುರುವಾಗಿ ಅಲ್ಲಲ್ಲೇ ನಿಂತಿವೆ. ಆಮೇಲೆ ಕೈಗೆತ್ತಿಕೊಂಡರೆ ಯಾರು ಯಾರ ಮಗ ಅನ್ನುವುದೇ ಮರೆತುಹೋಗಿರುತ್ತದೆ! ನನಗೆ ಕಾದಂಬರಿ ರುಚಿಸುವುದಿಲ್ಲ ಅಂತ ನಮ್ಮ ಮನೆಯವರು ಹೇಳುತ್ತಿದ್ದರು. ಹಾಗೇನಿಲ್ಲ, ಅದಕ್ಕೆ ಬೇಕಾದ ಬಿಡುವು ಬೇರೆ ಥರದ್ದು. ಇನ್ನು ಮೇಲೆ ದಪ್ಪದವೆಲ್ಲ ಎರಡು ಬೆಳೆಗಳ ನಡುವಿನ ಬಿಡುವಿಗೆ.

ಈ ವರ್ಷ ಮನಸ್ಸಿಗೆ ಹಿಡಿದದ್ದು ಡಾ. ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’. ಅವರು ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಓದುವುದಕ್ಕೆ ಅಂತ ಬೆಂಗಳೂರಿಗೆ ನಡೆದುಕೊಂಡೇ ಹೋದವರು, ಕೊನೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಅದನ್ನು ಓದಿದ ಮೇಲೆ ಟೈಮ್ ಇಲ್ಲ ಅಂತ ಗೊಣಗುವುದು ಸ್ವಲ್ಪ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ.

ಕೇಳಿದವರು:

ಅಕ್ಕ, ಹುಳದ ಮನೆಯಲ್ಲೇ ಕೂತು ಓದುತ್ತೀರಾ?

ಶಿಡ್ಲಘಟ್ಟ:

ಅಯ್ಯೋ ಇಲ್ಲಮ್ಮ. ಸೋಂಕು ತಗಲುತ್ತದೆ ಅಂತ ನಾವೇ ಕೈಕಾಲು ತೊಳೆದುಕೊಂಡು ಒಳಗೆ ಹೋಗುತ್ತೇವೆ. ಊರೆಲ್ಲ ಸುತ್ತಿ ಬಂದ ಲೈಬ್ರರಿ ಪುಸ್ತಕವನ್ನು ಬಿಡುತ್ತೇವಾ? ಜಗಲಿ ಮೇಲೆ ಓದುವುದು.

ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರು:

ಮೊಬೈಲಲ್ಲಿ ಓದಿದ್ದೂ ಓದೇ. ಬೆಳಿಗ್ಗೆಯ ರೈಲಿನಲ್ಲಿ ಒಂದು ಕೈ ಕಂಬಿಗೆ ಬೇಕು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಹಾಳೆ ತಿರುಗಿಸಲು ಆಗುವುದಿಲ್ಲ. ಬೆರಳಲ್ಲಿ ಸರಿಸುವುದೇ ಸುಲಭ. ಸಂಜೆ ಸೀಟು ಸಿಕ್ಕರೆ ಪುಸ್ತಕ.

ನಾನು ಪಟ್ಟಿಗೆ ತಾರೀಖು ಹಾಕುವುದಿಲ್ಲ. ಯಾವ ಪುಸ್ತಕ ಯಾವುದರಿಂದ ಬಂತು ಅಂತ ಗೆರೆ ಎಳೆಯುತ್ತೇನೆ. ಈ ವರ್ಷದ ಉದ್ದನೆಯ ಗೆರೆ ಕೊಡಗಿನ ಕೊನೆಯ ರಾಜನ ಮೇಲೆ ಮಾಸ್ತಿಯವರು ಬರೆದ ಕಾದಂಬರಿ ‘ಚಿಕವೀರ ರಾಜೇಂದ್ರ’ದಿಂದ ಹೊರಟಿದೆ. ಅವರಿಗೆ 1983ರ ಜ್ಞಾನಪೀಠ ಬಂದದ್ದು ಶಾಲೆಯಲ್ಲೇ ಬಾಯಿಪಾಠ ಆಗಿತ್ತು. ಮಾಸ್ತಿ ಅನ್ನುವ ಊರಿರುವುದು ಮಾಲೂರು ತಾಲ್ಲೂಕಿನಲ್ಲಿ, ದಿನಾ ಮಾಲೂರು ಸ್ಟೇಷನ್ ದಾಟಿಯೇ ಹೋಗುತ್ತೇನೆ. ಆದರೂ ಓದಿರಲಿಲ್ಲ. ಓದಿ ಮುಗಿಸಿದ ಮೇಲೆ, ನಿಜವಾದ ಆ ರಾಜ ಆಮೇಲೆ ಏನಾದ ಅನ್ನುವ ಕುತೂಹಲ ಹತ್ತಿತು. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. ಅವನನ್ನು ಕಾಶಿಗೆ ಕಳಿಸಿದರು. ಅಲ್ಲಿಂದ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ, 1859ರಲ್ಲಿ ಅಲ್ಲೇ ತೀರಿಕೊಂಡ. ಮಗಳು ಗೌರಮ್ಮ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ ಆಗಿ ನಿಂತಳು. ಇದನ್ನೆಲ್ಲ ಹುಡುಕಿಕೊಂಡು ಹೋಗಿ ಕೊಡಗಿನ ಇತಿಹಾಸ ಓದಿದೆ, ಅಲ್ಲಿಂದ ಕಂಪನಿ ಸರ್ಕಾರದ ಕಾಲದ ಬಗ್ಗೆ ಓದಿದೆ. ಗೆರೆ ಇನ್ನೂ ನಿಂತಿಲ್ಲ.

ಹಾಗೇ ಕೆಲವು ಪುಸ್ತಕಗಳಿಗೆ ಗೆರೆಯೇ ಇಲ್ಲ. ಯಾರೋ ಹೊಗಳಿದರು ಅಂತ ಓದಿದವು, ರಿಯಾಯಿತಿ ಇತ್ತು ಅಂತ ಕೊಂಡವು. ಅವುಗಳಲ್ಲಿ ಏನಿತ್ತು ಅಂತ ಈಗ ಕೇಳಿದರೆ ತಡವರಿಸುತ್ತೇನೆ. ಮುಂದಿನ ವರ್ಷ ಏನು ಕೊಳ್ಳಬಾರದು ಅನ್ನುವುದು ಇದರಿಂದಲೇ ಗೊತ್ತಾಗಿಬಿಟ್ಟಿತು.

ಮುಳಬಾಗಿಲು:

ಅರ್ಧಕ್ಕೆ ಬಿಟ್ಟವನ್ನು ಎಲ್ಲಿ ಸೇರಿಸಲಿ ಅಂದಿರಲ್ಲ. ನಮ್ಮೂರಿನ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಓದಿದರೂ ಎರಡೂವರೆ ವರ್ಷ ಬೇಕು. ಇದು ಡಿಸೆಂಬರ್ ಲೆಕ್ಕಕ್ಕೆ ಸಿಗುವುದೇ ಇಲ್ಲ. ಹಾಗಂತ ಓದಿಲ್ಲ ಅನ್ನಕ್ಕಾಗುತ್ತಾ? ನಾನು ‘ನಡೀತಾ ಇದೆ’ ಅಂತ ಒಂದು ಹಾಳೆ ಬೇರೆ ಇಟ್ಟಿದ್ದೇನೆ. ಬೇಸರ ಬಂದು ಬಿಟ್ಟವು ಬೇರೆ, ನಿಧಾನಕ್ಕೆ ಓದುತ್ತಿರುವವು ಬೇರೆ. ಎರಡನ್ನೂ ಒಂದೇ ಮೂಟೆಗೆ ತುಂಬಬೇಡಿ. ಬಿಟ್ಟದ್ದಕ್ಕೆ ಮಾತ್ರ ಎಷ್ಟನೇ ಪುಟದಲ್ಲಿ ಬಿಟ್ಟೆ, ಯಾಕೆ ಅಂತ ಒಂದು ಸಾಲು ಬರೆದಿಡಿ. ಅಕ್ಷರ ಸಣ್ಣದು ಅನ್ನುವುದೂ ಕಾರಣವೇ.

ತುಮಕೂರಿನ ನಿವೃತ್ತ ಮೇಷ್ಟ್ರು:

ಎಲ್ಲರೂ ಸೇರಿ ಪಟ್ಟಿಯನ್ನು ಬೈಯುತ್ತಿದ್ದೀರಿ. ನಾನು ಪಟ್ಟಿಯ ಪರ. ಒಂದು ವರ್ಷದ ಪಟ್ಟಿ ಏನೂ ಹೇಳುವುದಿಲ್ಲ, ಒಪ್ಪುತ್ತೇನೆ. ನಾಲ್ಕೈದು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ನನ್ನದರಲ್ಲಿ ಹೆಂಗಸರು ಬರೆದ ಪುಸ್ತಕ ಎಷ್ಟು ಕಡಿಮೆ ಅನ್ನುವುದು ಹಾಗೆ ನೋಡಿದಾಗಲೇ ಎದ್ದು ಕಂಡಿತು. ಕವಿತೆ ಓದುವುದು ಯಾವಾಗ ನಿಂತಿತು ಅನ್ನುವುದೂ ಕಂಡಿತು. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಅವರ ಪದ್ಯಗಳನ್ನು ತರಗತಿಯಲ್ಲಿ ರಾಗವಾಗಿ ಹೇಳಿಕೊಡುತ್ತಿದ್ದವನು ನಾನು. ರಿಟೈರ್ ಆದಮೇಲೆ ಕವನ ಸಂಕಲನವನ್ನೇ ಮುಟ್ಟಿಲ್ಲ ಅಂದರೆ ನಂಬುತ್ತೀರಾ? ಪಟ್ಟಿ ಇಲ್ಲದಿದ್ದರೆ ನಾನೇ ನಂಬುತ್ತಿರಲಿಲ್ಲ.

ಇನ್ನೊಂದು ಮಾತು. ಲೈಬ್ರರಿಯಿಂದ ತಂದವನ್ನು ಪಟ್ಟಿಯಲ್ಲಿ ಬೇರೆ ಗುರುತು ಹಾಕಿ ಇಡಿ. ನಮ್ಮ ಮನೆ ಕಂದಾಯದ ಜೊತೆ 6% ಗ್ರಂಥಾಲಯ ಕರ ಕಟ್ಟುತ್ತೇವೆ. ಅದರ ಉಪಯೋಗ ಎಷ್ಟು ಮಾಡಿಕೊಂಡೆ ಅಂತ ವರ್ಷಕ್ಕೊಮ್ಮೆ ನೋಡಿಕೊಳ್ಳುವುದರಲ್ಲಿ ತಪ್ಪೇನಿದೆ?

ಬಂಗಾರಪೇಟೆ:

ಮೇಷ್ಟ್ರೇ, ಪಟ್ಟಿ ಬೇಡ ಅಂತ ನಾನು ಹೇಳಲಿಲ್ಲ. ಸುಮ್ನೆ ಸಂಖ್ಯೆ ಹೆಚ್ಚಿಸಿಕೊಳ್ಳಲು ತೆಳ್ಳನೆಯ ಪುಸ್ತಕಗಳನ್ನೇ ಆರಿಸುವವರನ್ನು ನೋಡಿ ನೋಡಿ ಸಾಕಾಗಿದೆ.

ಮೇಷ್ಟ್ರು:

ಅದು ಸರಿ. ಪುಟ ಎಣಿಸಲು ಶುರು ಮಾಡಿದರೆ ಆಗ ದಪ್ಪನೆಯವನ್ನೇ ಆರಿಸುತ್ತಾರೆ, ನೋಡುತ್ತಿರಿ.

ಮಧುಗಿರಿ:

ಯಾರೂ ಹೇಳದ ಒಂದು ಕಾಲಂ ಇದೆ, ‘ಯಾರಿಗೆ ಕೊಟ್ಟೆ’. ಓದಿದ ಪುಸ್ತಕವನ್ನು ಯಾರಾದರೂ ಕೇಳಿ ತೆಗೆದುಕೊಂಡು ಹೋದರೆ ಹೆಸರು ಬರೆಯುತ್ತೇನೆ. ವರ್ಷದ ಕೊನೆಗೆ ನೋಡಿದಾಗ, ನಾನು ತುಂಬಾ ಮೆಚ್ಚಿದವು ಕಪಾಟಿನಲ್ಲಿ ಇರುವುದೇ ಇಲ್ಲ. ನಾನೇ ಹಿಂದೆ ಬಿದ್ದು ಓದಿ ಓದಿ ಅಂತ ಕೊಟ್ಟಿರುತ್ತೇನೆ. ವಾಪಸ್ ಕೇಳಲು ಫೋನ್ ಮಾಡಿದರೆ ಅರ್ಧ ಗಂಟೆ ಪುಸ್ತಕದ ಮಾತೇ ಆಗುತ್ತದೆ, ವಾಪಸ್ ಕೊಡುವ ಮಾತು ಮಾತ್ರ ಬರುವುದಿಲ್ಲ. ಈ ವರ್ಷ ಇನ್ನೂ ಮೂರು ಜನರಿಗೆ ಫೋನ್ ಮಾಡುವುದಿದೆ.