ಅಪ್‌ಡೇಟ್: ‘ಫೆಲ್ ಔಟ್’ ಅರ್ಥವಾಯಿತು

ಮಡಿಕೇರಿ ಹತ್ತಿರದ ನಮ್ಮ ಹೋಂಸ್ಟೇಗೆ ಬಂದಿದ್ದ ಇಂಗ್ಲೆಂಡಿನ ಅತಿಥಿಯೊಬ್ಬರು ‘ವಿ ಫೆಲ್ ಔಟ್ ಓವರ್ ಮನಿ’ ಅಂದಿದ್ದರು. ಹಾಗಂದ್ರೆ ಏನು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ದುಡ್ಡಿನ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟರು ಅಂತ ಅರ್ಥ. ಸುಮ್ನೆ ವಾದ ಮಾಡಿದರೆ ‘ಆರ್ಗ್ಯೂ’ ಸಾಕು. ವಾದದಿಂದ ಸಂಬಂಧವೇ ಕೆಟ್ಟರೆ ‘ಫಾಲ್ ಔಟ್’. ಯಾರ ಜೊತೆ ಅನ್ನೋದಕ್ಕೆ ‘ವಿತ್’ ಬೇಕೇ ಬೇಕು, ‘ಐ ಫೆಲ್ ಔಟ್ ಹಿಮ್’ ಅನ್ನುವ ಹಾಗಿಲ್ಲ. ಯಾವ ವಿಷಯಕ್ಕೆ ಅನ್ನೋದಕ್ಕೆ ‘ಓವರ್’ ಅಥವಾ ‘ಅಬೌಟ್’. ಕಾಫಿ ತೋಟದ ಬೇಲಿಗಾಗಿ ಅಣ್ಣನ ಜೊತೆ ಮುನಿಸಿಕೊಂಡರೆ, ‘ಹಿ ಫೆಲ್ ಔಟ್ ವಿತ್ ಹಿಸ್ ಬ್ರದರ್ ಓವರ್ ದ ಫೆನ್ಸ್’. (ನಮ್ಮ ಕಡೆ ಈ ವಾಕ್ಯಕ್ಕೆ ಕೆಲಸ ಜಾಸ್ತಿ!) ಮತ್ತೆ ಒಂದಾದರೆ ‘ಮೇಕ್ ಅಪ್’.

ಮಜಾ ಇರೋದು ಇಲ್ಲಿ. ಪಕ್ಕದ ಮನೆಯ ನಿವೃತ್ತ ಸೈನಿಕರನ್ನು ಕೇಳಿದರೆ, ಅವರ ಅರ್ಥವೇ ಬೇರೆ. ಪರೇಡಿನಲ್ಲಿ ‘ಫಾಲ್ ಇನ್’ ಅಂದರೆ ಸಾಲಿಗೆ ಬನ್ನಿ, ‘ಫಾಲ್ ಔಟ್’ ಅಂದರೆ ಸಾಲು ಬಿಟ್ಟು ಹೊರಡಿ. ಅದೂ ಸರಿಯೇ. ಜನರಲ್ ತಿಮ್ಮಯ್ಯ 1906ರಲ್ಲಿ ಹುಟ್ಟಿದ ಊರಲ್ಲಿ ಇದೇ ಅರ್ಥ ಮೊದಲು ಹೊಳೆಯೋದು ಸಹಜ, ಅಲ್ವಾ?

ಒಂದು ಎಚ್ಚರಿಕೆ. ಜಗಳಕ್ಕೆ ನಾಮಪದ ‘ಫಾಲಿಂಗ್ ಔಟ್’. ಒಂದೇ ಪದವಾಗಿ ಬರೆಯುವ ‘ಫಾಲ್‌ಔಟ್’ ಅಣುಬಾಂಬ್ ಸಿಡಿದ ಮೇಲೆ ಉದುರುವ ವಿಕಿರಣದ ಧೂಳು, ಇಲ್ಲವೇ ಯಾವುದಾದರೂ ಘಟನೆಯ ಕೆಟ್ಟ ಪರಿಣಾಮ. ಅತಿಥಿಗಳ ಮುಂದೆ ಇವೆರಡನ್ನು ಬೆರೆಸದಿದ್ದರೆ ಒಳ್ಳೆಯದು.